ಆತು, ಎತ್ಕೋರಿ

ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಗೆ ಬಂದವರು ಮುಂದಿನ ಕೋಣೆಯಲ್ಲಿ ಕೂತು, ಚಹಾ ಬರುವ ತನಕ ಏನು ಮಾಡುವುದೆಂದು ತೋಚದೆ, ಟಿವಿಯ ಪಕ್ಕದಲ್ಲಿರುವ ಗಾಲ್ಫ್ ಬಹುಮಾನದ ಕಪ್ಪನ್ನು ನೋಡುತ್ತಾರೆ. ಬಣ್ಣ ಬೆಳ್ಳಿಯದು, ವಸ್ತು ಬೆಳ್ಳಿಯದಲ್ಲ. ಎರಡು ಕಿವಿಗಳಿವೆ. ಎತ್ತರದಲ್ಲಿ ನಮ್ಮ ಕಡೆಯ ನೀರಿನ ಚರಿಗೆಗಿಂತ ತುಸು ಕಡಿಮೆ. ನನ್ನ ಹೆಂಡತಿ ಶಾಂತಾ ಅದರೊಳಗೆ ರಬ್ಬರ್ ಬ್ಯಾಂಡು, ಗ್ಯಾರೇಜಿನ ಕೀಲಿಕೈ, ಯಾವುದೋ ಅಂಗಿಯಿಂದ ಉದುರಿದ ಗುಂಡಿ ಎಲ್ಲವನ್ನೂ ಹಾಕಿಟ್ಟಿದ್ದಾಳೆ. ಹೊರಮೈಯಲ್ಲಿ ಮಾತ್ರ ನನ್ನ ಹೆಸರು ಕೊರೆದಿದೆ.

"ಅಂಕಲ್, ಇದು ನೀವು ಗೆದ್ದಿದ್ದಾ?" ಎಂದು ಬೆಂಗಳೂರಿನ ಹುಡುಗರು ಕೇಳುತ್ತಾರೆ.

ಹೌದು ಎಂದರೆ ಸುಳ್ಳಾಗುತ್ತದೆ. ಅಲ್ಲ ಎಂದರೆ, ಮತ್ತೆ ನಿಮ್ಮ ಹೆಸರು ಯಾಕಿದೆ ಎನ್ನುತ್ತಾರೆ. "ಕೊಟ್ಟರಪ್ಪ, ಇಟ್ಟುಕೊಂಡಿದ್ದೇನೆ" ಎಂದು ಹೇಳುತ್ತೇನೆ. ಅದು ನನ್ನ ವಿನಯವೆಂದು ಅವರು ತಿಳಿಯುತ್ತಾರೆ. ವಿನಯಕ್ಕೂ ನನಗೂ ಎಷ್ಟು ದೂರದ ನೆಂಟಸ್ತನ ಎಂಬುದನ್ನು ಬಲ್ಲ ಶಾಂತಾ ಅಡಿಗೆಮನೆಯಿಂದ ಕೆಮ್ಮುತ್ತಾಳೆ. ನಿಮಗಾದರೆ ಪೂರ್ತಿ ಹೇಳಬಹುದು. ನೀವು ಚಹಾ ಬಂದ ತಕ್ಷಣ ಮಾತು ಬದಲಿಸುವವರಲ್ಲ.

ಮೊದಲು ಒಂದು ವಿಷಯ. ಗಾಲ್ಫ್ ಅಂದ ಕೂಡಲೇ ನಿಮ್ಮ ಕಣ್ಣೆದುರು ಉದ್ದ ಕಾರು, ಬಿಳಿ ಕೈಗವಸು ತೊಟ್ಟ ಸಾಹೇಬರು ಬಂದು ನಿಲ್ಲಬಾರದು. ನಾನು ಆಡುವುದು ಕೌನ್ಸಿಲ್‌ನವರ ಮೈದಾನದಲ್ಲಿ. ಒಂದು ಬದಿಗೆ ಟ್ಯೂಬ್ ರೈಲು ಓಡುತ್ತದೆ, ಇನ್ನೊಂದು ಬದಿಗೆ ಜನ ನಾಯಿ ಅಡ್ಡಾಡಿಸುತ್ತಾರೆ. ನಮ್ಮ ಬುಧವಾರದ ಗುಂಪಿನಲ್ಲಿ ಇರುವವರೆಲ್ಲ ಕೆಲಸದಿಂದ ನಿವೃತ್ತರಾದವರು, ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುವವರು. ಗುಂಪಿನ ಮುಖ್ಯಸ್ಥ ಬ್ರಯಾನ್ ಎಂಬಾತ ಮೂವತ್ತು ವರ್ಷ ಬಸ್ ಓಡಿಸಿದವನು. ಈಗಲೂ ಯಾರಾದರೂ ತಡವಾಗಿ ಬಂದರೆ ಹೊರಟುನಿಂತ ಬಸ್ಸಿನ ಬಾಗಿಲು ತೆರೆಯಲೋ ಬೇಡವೋ ಎಂಬ ಮುಖ ಮಾಡುತ್ತಾನೆ.

ಧಾರವಾಡದ ಮಿಷನ್ ಕಾಂಪೌಂಡಿನಲ್ಲಿ ಚಿನ್ನಿದಾಂಡು ಆಡಿ ಬೆಳೆದ ನನ್ನನ್ನು ಈ ಆಟಕ್ಕೆ ಎಳೆದು ತಂದವರು ಜೋಶಿ ಡಾಕ್ಟರು. ಪಿನ್ನರ್‌ನಲ್ಲಿರುವ ಕಿವಿ, ಮೂಗು, ಗಂಟಲಿನ ಡಾಕ್ಟರು, ನನ್ನಂತೆಯೇ ನಿವೃತ್ತರು. ನಾನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದಾಗ ಅವರ ಕೈಬರಹದ ಒಂದು ಚೀಟಿ ಬಂತು. ಕಾಗೆಯೊಂದು ಮಸಿಯಲ್ಲಿ ಕಾಲಿಟ್ಟು ಓಡಾಡಿದಂತಿತ್ತು. ಫೋನ್ ಮಾಡಿ ಇದೇನೆಂದು ಕೇಳಿದೆ. ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಆ ಇಂಗ್ಲಿಷಿನ ಏರಿಳಿತ ಕೇಳಿದ್ದೇ ನಾನು ತಡೆಯಲಾರದೆ, "ಧಾರವಾಡದವರೇನ್ರಿ?" ಅಂದುಬಿಟ್ಟೆ. ಆ ಕಡೆಯಿಂದ, "ಮಾಳಮಡ್ಡಿ" ಎಂದು ಧಾರವಾಡದ ಬಡಾವಣೆಯ ಹೆಸರೊಂದೇ ಬಂತು. ಸ್ನೇಹ ಶುರುವಾದದ್ದು ಹಾಗೆ. ಅವರು ಜನಿವಾರದವರು, ನಾನು ಚರ್ಚಿನ ಸಭಾಪಾಲಕರ ಮನೆಯವನು. ಪ್ರತಿ ಕ್ರಿಸ್‌ಮಸ್ಸಿಗೆ ಅವರೂ ಅವರ ಹೆಂಡತಿ ಸುಧಾ ವೈನಿಯೂ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು. ಅವರಿಗಾಗಿ ಶಾಂತಾ ಒಲೆಯ ಒಂದು ಬದಿಯನ್ನು ಹಿಂದಿನ ದಿನವೇ ತೊಳೆದಿಟ್ಟು, ಬದನೆಕಾಯಿ ಎಣ್ಣೆಗಾಯಿ ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದಳು. ನನ್ನ ಹೆಸರು ಪ್ರಭುದಾಸ. ಡಾಕ್ಟರು ಅದನ್ನು ಅರ್ಧಕ್ಕೆ ಕತ್ತರಿಸಿ "ದಾಸರ" ಎಂದು ಕರೆಯುತ್ತಾರೆ.

ನಾವಿಬ್ಬರೂ ಚೆಂಡಿನ ಪೆಟ್ಟಿಗೆಯನ್ನು ಜೊತೆಯಾಗಿ ಕೊಂಡು ಅರ್ಧರ್ಧ ಹಂಚಿಕೊಳ್ಳುತ್ತೇವೆ. ಎಲ್ಲವೂ ಒಂದೇ ತೆರನಾದ ಬಿಳಿ ಚೆಂಡುಗಳಾದ್ದರಿಂದ ಗುರುತು ಬೇಕು. ಡಾಕ್ಟರು ಕೆಂಪು ಪೆನ್ನಿನಿಂದ ಮೂರು ಚುಕ್ಕೆ ಇಡುತ್ತಾರೆ. ನಾನು ನೀಲಿ ಶಾಯಿಯಲ್ಲಿ ಸಣ್ಣದೊಂದು ಶಿಲುಬೆ ಬರೆಯುತ್ತೇನೆ.

"ಚೆಂಡಿಗೂ ದೀಕ್ಷಾಸ್ನಾನ ಮಾಡಿಸಿದ್ರಲ್ಲ ದಾಸರ" ಎಂದು ಅವರು.

"ನೀವು ಕುಂಕುಮ ಹಚ್ಚೀರಲ್ಲ" ಎಂದು ನಾನು.

ಬುಧವಾರದ ಗುಂಪು ನನಗಿಟ್ಟ ಹೆಸರು ಬಿಷಪ್. ಭಕ್ತಿಗಾಗಿ ಇಟ್ಟದ್ದಲ್ಲ, ನಿಯಮಕ್ಕಾಗಿ. ಗಾಲ್ಫಿನಲ್ಲಿ ತೀರ್ಪುಗಾರನಿರುವುದಿಲ್ಲ. ನಿಮ್ಮ ತಪ್ಪನ್ನು ನೀವೇ ಹೇಳಿಕೊಂಡು ನಿಮಗೆ ನೀವೇ ದಂಡ ಹಾಕಿಕೊಳ್ಳಬೇಕು. ಈ ವ್ಯವಸ್ಥೆ ನನಗೆ ಮೊದಲ ದಿನವೇ ಬಹಳ ಹಿಡಿಸಿತು. ನಲವತ್ತು ವರ್ಷ ಔಷಧಿಯ ಮೇಲಿನ ಲೇಬಲ್ಲನ್ನು ಎರಡೆರಡು ಸಲ ಓದಿದವನು ನಾನು. ನಿಯಮದ ಪುಸ್ತಕವನ್ನು ಚೀಲದಲ್ಲೇ ಇಟ್ಟುಕೊಂಡೆ. ನನ್ನ ತಪ್ಪು ಹೇಳಿಕೊಂಡೆ, ಅಷ್ಟಕ್ಕೇ ನಿಲ್ಲಿಸದೆ ಉಳಿದವರ ತಪ್ಪನ್ನೂ ಅವರ ಪರವಾಗಿ ಹೇಳತೊಡಗಿದೆ. ಜನಕ್ಕೆ ಎಷ್ಟು ಬೇಜಾರಾಗಿರಬೇಕೆಂದು ಈಗ ಅರ್ಥವಾಗುತ್ತದೆ.

ಆ ಪುಸ್ತಕದಲ್ಲಿ ನನಗೆ ಸೇರದ ನಿಯಮ ಒಂದೇ ಒಂದು ಇತ್ತು. ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ ನಿಮ್ಮ ಚೆಂಡು ಕುಳಿಗೆ ತೀರ ಹತ್ತಿರ ಬಂದು ನಿಂತಿತು ಅನ್ನಿ. ಆಗ ಎದುರಾಳಿ, ಇನ್ನು ಹೊಡೆಯಬೇಕಾಗಿಲ್ಲ, ಬಿತ್ತೆಂದೇ ಲೆಕ್ಕ, ಚೆಂಡು ಎತ್ತಿಕೊಳ್ಳಿ ಎನ್ನಬಹುದು. ಹಾಗೆ ಒಂದು ಹೊಡೆತವನ್ನು ಕೊಡಬಹುದು, ಬೇಕೆಂದರೆ ಇಡೀ ಕುಳಿಯನ್ನೇ, ಅಂದರೆ ಆ ಸುತ್ತಿನ ಗೆಲುವನ್ನೇ, ಬಿಟ್ಟುಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಅವನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನೀವು ಬೇಡ ಎನ್ನುವಂತೆಯೂ ಇಲ್ಲ.

ಬೇಡ ಎನ್ನುವಂತಿಲ್ಲ ಎಂದರೆ ಏನರ್ಥ? ಜೋಶಿ ಡಾಕ್ಟರು ಧಾರಾಳಿ. ಗೇಣು ದೂರವಿದ್ದರೂ, ಒಂದು ಮೊಳ ದೂರವಿದ್ದರೂ, ಕೋಲನ್ನು ಬಗಲಿಗೆ ಇರುಕಿಕೊಂಡು, "ಆತು, ಎತ್ಕೋರಿ" ಅಂದುಬಿಡುತ್ತಿದ್ದರು. ನಾನು ಎತ್ತಿಕೊಳ್ಳುತ್ತಿರಲಿಲ್ಲ. ಅವರ ಮಾತು ಕಿವಿಗೇ ಬೀಳದವನಂತೆ ಕಾಲು ಅಗಲಿಸಿ ನಿಂತು, ಗುರಿ ನೋಡಿ, ಹೊಡೆದು ಒಳಗೆ ಹಾಕಿಯೇ ಎತ್ತಿಕೊಳ್ಳುತ್ತಿದ್ದೆ. ಒಂದು ಸಲ ತಪ್ಪಿತು. ಚೆಂಡು ಕುಳಿಯ ಅಂಚನ್ನು ಸುತ್ತಿ ಆಚೆ ಹೋಯಿತು. ನನ್ನ ಮುಖ ಕೆಂಪಾಯಿತು.

"ಅದು ಆಗಲೇ ಬಿದ್ದಾತು ದಾಸರ" ಎಂದರು ಡಾಕ್ಟರು. "ನೀವು ಸುಮ್ಮನ ಶ್ರಮಾ ತಗೋತೀರಿ."

ಈ ರೋಗ ನನಗೆ ಎಲ್ಲಿಂದ ಬಂತೆಂದು ಹುಡುಕಿದರೆ ಕಾಂಪೌಂಡಿಗೇ ಹೋಗಬೇಕು. ಭಾನುವಾರದ ಶಾಲೆಯಲ್ಲಿ ವೇದವಾಕ್ಯ ಬಾಯಿಪಾಠ ಒಪ್ಪಿಸಿದವರಿಗೆ ಬಣ್ಣದ ಚಿತ್ರದ ಚೀಟಿ ಕೊಡುತ್ತಿದ್ದರು. ಹತ್ತು ಚೀಟಿಗೆ ಒಂದು ಪೆನ್ಸಿಲ್. ದೇವರ ಕೃಪೆ ಎಂಬುದು ಯಾರೂ ಸಂಪಾದಿಸಿದ್ದಲ್ಲ, ಸಂಪಾದಿಸಲು ಬರುವಂಥದೂ ಅಲ್ಲ ಎಂಬ ಅರ್ಥದ ವಾಕ್ಯವನ್ನು ನಾನು ಒಂದಕ್ಷರವೂ ತಪ್ಪದೆ ಒಪ್ಪಿಸಿ ಪೆನ್ಸಿಲ್ ಸಂಪಾದಿಸಿದೆ. ಅದರಲ್ಲಿರುವ ತಮಾಷೆ ನನಗೆ ತಿಳಿಯಲು ಅರವತ್ತು ವರ್ಷ ಹಿಡಿಯಿತು.

ಇನ್ನೊಂದು ಪದ್ಧತಿ ಇತ್ತು. ಪ್ರಭುಭೋಜನ, ಅಂದರೆ ಚರ್ಚಿನಲ್ಲಿ ರೊಟ್ಟಿ ಹಂಚುವ ವಿಧಿ, ಇರುವ ಭಾನುವಾರದ ಹಿಂದಿನ ಶನಿವಾರ ಸಂಜೆ ಕಾಂಪೌಂಡಿನ ಹಿರಿಯರು ಮನೆಯಿಂದ ಮನೆಗೆ ಹೋಗುತ್ತಿದ್ದರು. ಯಾರ ಮೇಲೆ ಮನಸ್ತಾಪವಿದೆಯೋ ಅವರ ಬಾಗಿಲಲ್ಲಿ ನಿಂತು, "ಏನಾರ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎನ್ನಬೇಕು. ಜಗಳ ಇಟ್ಟುಕೊಂಡು ಆ ರೊಟ್ಟಿಗೆ ಕೈಚಾಚಬಾರದು. ನನ್ನ ಅಪ್ಪ ಸಭಾಪಾಲಕರು. ಅವರಿಗೂ ಪಕ್ಕದ ಮನೆಯ ರೂತಬಾಯಿಗೂ ಸಾರ್ವಜನಿಕ ನಳದ ಬಳಿ ಕೊಡ ಇಡುವ ವಿಚಾರದಲ್ಲಿ ಸದಾ ತಕರಾರು. ಸೋಮವಾರ ಜಗಳ, ಶನಿವಾರ ಕ್ಷಮಾಪಣೆ, ಮತ್ತೆ ಸೋಮವಾರ ಜಗಳ. ಒಂದು ಶನಿವಾರ ತಪ್ಪು ನಿಜವಾಗಿಯೂ ಅಪ್ಪನದೇ. ರೂತಬಾಯಿಯ ಕೊಡ ಒದ್ದು ಉರುಳಿಸಿದ್ದರು. ಮಧ್ಯಾಹ್ನವೆಲ್ಲ ಮಾತುಗಳನ್ನು ಜೋಡಿಸಿಕೊಂಡು, ನನ್ನ ಕೈಹಿಡಿದು, ಅವಳ ಬಾಗಿಲಿಗೆ ಹೋದರು. ಬಾಯಿ ತೆರೆಯುವ ಮೊದಲೇ ಅವಳು, "ಅದನ್ನ ನಾ ಬ್ಯಾಸ್ತ್ವಾರನ ಮರ್ತೀನ್ರಿ ಅಯ್ಯನವರ. ಒಳಗ ಬರ್ರಿ, ಚಾ ಕುಡೀರಿ" ಅಂದಳು. ಅಪ್ಪ ಚಹಾ ಕುಡಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಸಿಡಿಮಿಡಿ. ಅಷ್ಟು ಒಳ್ಳೆಯ ಮಾತುಗಳನ್ನು ಜೋಡಿಸಿದ್ದೆ, ಹೇಳಲು ಬಿಡಲಿಲ್ಲವಲ್ಲ ಎಂಬ ಸಿಟ್ಟು. ನಾನು ಅವರ ಮಗ.

ಈಗ ಕಪ್ಪಿನ ವಿಷಯಕ್ಕೆ ಬರುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಬುಧವಾರದ ಗುಂಪಿನ ಪಂದ್ಯಾವಳಿ ನಡೆಯಿತು. ಹನ್ನೆರಡು ವರ್ಷ ಆಡಿದ ನಾನು ಮೊದಲ ಬಾರಿಗೆ ಫೈನಲ್ ತಲುಪಿದೆ. ಎದುರಾಳಿ ಜೋಶಿ ಡಾಕ್ಟರು. ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ್ದ ಕೆಂಪು ಜಾಕೆಟ್ಟನ್ನು ಅಂದು ಮೊದಲ ಸಲ ತೊಟ್ಟಿದ್ದೆ. ಹದಿನೆಂಟು ಕುಳಿಗಳಲ್ಲಿ ಹದಿನಾರು ಮುಗಿದಾಗ ನಾನು ಒಂದು ಕುಳಿ ಮುಂದೆ. ಹದಿನೇಳನೆಯದನ್ನೂ ಗೆದ್ದರೆ ಪಂದ್ಯ ನನ್ನದು.

ಆ ಕುಳಿಯಲ್ಲಿ ಇಬ್ಬರ ಮೊದಲ ಹೊಡೆತವೂ ಬಲಗಡೆಯ ಓಕ್ ಮರಗಳ ಕೆಳಗೆ, ಉದ್ದ ಹುಲ್ಲಿನಲ್ಲಿ ಬಿತ್ತು. ನನಗೆ ಒಂದು ಚೆಂಡು ಬೇಗ ಸಿಕ್ಕಿತು. ಹೊಡೆದೆ. ಅದು ಚೆನ್ನಾಗಿ ಹೋಗಿ ಗ್ರೀನಿನ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಮೇಲೆ ನಿಂತಿತು. ನಾನು ಮುಂದೆ ಬಂದು ತಿರುಗಿ ನೋಡಿದೆ. ಡಾಕ್ಟರು ಇನ್ನೂ ಹುಡುಕುತ್ತಿದ್ದರು. ಆಮೇಲೆ ಮರದ ಬೇರಿನ ಹತ್ತಿರ ಬಗ್ಗಿದರು. ಚೆಂಡನ್ನು ಕೈಗೆತ್ತಿಕೊಂಡರು. ಅದನ್ನು ನೋಡಿದರು. ತಲೆಯೆತ್ತಿ ನನ್ನ ಕಡೆ ನೋಡಿದರು. ಮತ್ತೆ ಚೆಂಡನ್ನು ಕೆಳಗಿಟ್ಟು, ಹೊಡೆದರು. ಅದೂ ಗ್ರೀನಿಗೆ ಬಂತು, ನನ್ನದಕ್ಕಿಂತ ಕುಳಿಗೆ ಹತ್ತಿರ.

ಚೆಂಡು ಬಿದ್ದಲ್ಲಿಂದಲೇ ಆಡಬೇಕು. ಬೇರಿನ ಬುಡದಿಂದ ಎತ್ತಿ ಒಳ್ಳೆಯ ಜಾಗದಲ್ಲಿ ಇಡುವುದು ಈ ಆಟದಲ್ಲಿ ಕಳ್ಳತನ. ಡಾಕ್ಟರು ಗ್ರೀನಿಗೆ ಬರುವ ಹೊತ್ತಿಗೆ ಬ್ರಯಾನ್ ಮತ್ತು ನಾಲ್ಕೈದು ಜನ ಆಟ ನೋಡಲು ಅಲ್ಲಿಗೆ ಬಂದು ನಿಂತಿದ್ದರು. ಅವರೆಲ್ಲರಿಗೂ ಕೇಳುವಂತೆ ನಾನು ಇಂಗ್ಲಿಷಿನಲ್ಲೇ ಹೇಳಿದೆ: ನೀವು ಚೆಂಡು ಎತ್ತಿ ಬೇರೆ ಕಡೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

"ಎತ್ತಿದ್ದು ಹೌದು" ಎಂದು ಡಾಕ್ಟರು ಕನ್ನಡದಲ್ಲಿ ಅಂದರು. ಆಮೇಲೆ ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ, "ಈ ಕುಳಿಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇನೆ" ಎಂದರು. ತಮ್ಮ ಕಾಲ ಬಳಿಯ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು, ನನ್ನ ಕೈಕುಲುಕಿ, ಚೀಲ ಎಳೆದುಕೊಂಡು ಹೊರಟುಹೋದರು. ನಾನು ಕೆಸರು ಮೆತ್ತಿದ್ದ ನನ್ನ ಚೆಂಡನ್ನು ಎತ್ತಿ ಕೆಂಪು ಜಾಕೆಟ್ಟಿನ ಜೇಬಿನಲ್ಲಿಟ್ಟೆ. ಕಪ್ಪು ನನ್ನದಾಯಿತು.

ಮುಂದಿನ ಬುಧವಾರ ಅವರು ಬರಲಿಲ್ಲ. ಮೊಣಕಾಲು ನೋವು ಎಂದು ಬ್ರಯಾನಿಗೆ ಹೇಳಿ ಕಳಿಸಿದ್ದರು. ಅದರ ಮುಂದಿನ ವಾರವೂ ಬರಲಿಲ್ಲ. ನಾನು ಏನು ಮಾಡಿದೆ ಗೊತ್ತೆ? ಅವರನ್ನು ಕ್ಷಮಿಸಿದೆ. ನಗಬೇಡಿ, ನಿಜವಾಗಿಯೂ ಮಂಡಿಯೂರಿ, ಕಣ್ಣು ಮುಚ್ಚಿ ಕ್ಷಮಿಸಿದೆ. ಹ್ಯಾರೋ ಹತ್ತಿರದ ಒಂದು ಚರ್ಚಿನ ಹಾಲಿನಲ್ಲಿ ತಿಂಗಳಿಗೊಮ್ಮೆ ನಮ್ಮ ಕನ್ನಡ ಪ್ರಾರ್ಥನಾ ಕೂಟ ನಡೆಯುತ್ತದೆ. ನವೆಂಬರಿನಲ್ಲಿ ದೇವರ ವಾಕ್ಯ ಹಂಚಿಕೊಳ್ಳುವ ಸರದಿ ನನ್ನದಿತ್ತು. ಪ್ರಾಮಾಣಿಕತೆಯ ಬಗ್ಗೆ ಮಾತಾಡಿದೆ. ಸಣ್ಣ ಆಸೆಯೊಂದರ ಎದುರು ಎಡವಿದ ಗೆಳೆಯನೊಬ್ಬನ ಕಥೆ ಹೇಳಿ, ಅವನಿಗಾಗಿ ಪ್ರಾರ್ಥಿಸೋಣ ಅಂದೆ. ಹೆಸರು ಹೇಳಲಿಲ್ಲ. ಹೆಸರು ಹೇಳದಿರುವುದು ದೊಡ್ಡತನವೆಂದು ತಿಳಿದಿದ್ದೆ. ಆದರೆ ಹ್ಯಾರೋ ಸುತ್ತಮುತ್ತ ಗಾಲ್ಫ್ ಆಡುವ ಧಾರವಾಡದ ಡಾಕ್ಟರರು ಎಷ್ಟು ಜನ ಇದ್ದಾರು? ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತ ನಿಂತವರ ಬಾಯಿಂದ ಬಾಯಿಗೆ ಸುದ್ದಿ ಹೋಗಿ ವಾರದೊಳಗೆ ಸುಧಾ ವೈನಿಯ ಕಿವಿ ತಲುಪಿತ್ತು.

ಕ್ರಿಸ್‌ಮಸ್ಸಿಗೆ ಅವರು ಬರಲಿಲ್ಲ. ಶಾಂತಾ ಅಭ್ಯಾಸಬಲದಿಂದ ಎಣ್ಣೆಗಾಯಿ ಮಾಡಿದ್ದಳು. ಮೊಮ್ಮಕ್ಕಳು ಅದನ್ನು ಮುಟ್ಟಲಿಲ್ಲ. ಎರಡು ಖಾಲಿ ಕುರ್ಚಿಗಳನ್ನು ನೋಡುತ್ತ ಮೂರು ದಿನ ನಾನೊಬ್ಬನೇ ತಿಂದೆ.

ಮಾರ್ಚಿನಲ್ಲಿ ಒಂದು ದಿನ ಶಾಂತಾ ಚಳಿಗಾಲದ ಬಟ್ಟೆಗಳನ್ನು ತೊಳೆಯಲು ತೆಗೆದಳು. ಮಷೀನಿಗೆ ಹಾಕುವ ಮೊದಲು ಜೇಬುಗಳನ್ನು ಬರಿದುಮಾಡಿ ಸಿಕ್ಕಿದ್ದನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಇಡುವುದು ಅವಳ ರೂಢಿ. ಆ ಕೆಂಪು ಜಾಕೆಟ್ಟು ಫೈನಲ್ ದಿನದ ನಂತರ ಕಪಾಟಿನಲ್ಲೇ ನೇತಾಡುತ್ತಿತ್ತು.

"ಇಲ್ಲಿ ಬರ್ರಿ" ಎಂದು ಕರೆದಳು. "ನಿಮ್ಮ ಜೇಬಿನ್ಯಾಗ ಡಾಕ್ಟರ ಚೆಂಡು ಯಾಕೈತಿ?"

ಒಣಗಿದ ಕೆಸರನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಬಿಳಿ ಚೆಂಡಿನ ಮೇಲೆ ಸಾಲಾಗಿ ಮೂರು ಕೆಂಪು ಚುಕ್ಕೆಗಳಿದ್ದವು.

ಅಡಿಗೆಮನೆಯ ಕುರ್ಚಿಯ ಮೇಲೆ ಕೂತುಬಿಟ್ಟೆ. ಎಲ್ಲವೂ ಒಂದೊಂದಾಗಿ ಅರ್ಥವಾಯಿತು. ಓಕ್ ಮರದ ಕೆಳಗೆ ನಾನು ಹೊಡೆದದ್ದು ಅವರ ಚೆಂಡು. ಬೇರೆಯವರ ಚೆಂಡನ್ನು ಹೊಡೆದವನು ಆ ಕುಳಿಯನ್ನು ಸೋತಂತೆ, ಅದೇ ನಿಯಮ. ಅಂದರೆ ಹೊಡೆದ ಕ್ಷಣಕ್ಕೇ ನಾನು ಸೋತಿದ್ದೆ. ಡಾಕ್ಟರು ಬೇರಿನ ಹತ್ತಿರ ಬಗ್ಗಿ ಎತ್ತಿ ನೋಡಿದ್ದು ನನ್ನ ಚೆಂಡನ್ನು. ಗುರುತು ನೋಡಲು ಎತ್ತಿದ್ದರು, ಎತ್ತಿದಲ್ಲೇ ಮರಳಿ ಇಟ್ಟಿದ್ದರು. ನೀಲಿ ಶಿಲುಬೆಯನ್ನು ಕಂಡಿದ್ದರು. ನಲವತ್ತು ವರ್ಷ ಲೇಬಲ್ ಎರಡು ಸಲ ಓದಿದವನು ಚೆಂಡಿನ ಗುರುತನ್ನು ಒಂದು ಸಲವೂ ನೋಡಿರಲಿಲ್ಲ. ನನ್ನ ಕಣ್ಣೆಲ್ಲ ಎದುರಿನವರ ಕೈಮೇಲಿತ್ತು.

ಅವತ್ತು ಎಲ್ಲರೆದುರು ಅವರು ನೀಲಿ ಶಿಲುಬೆಯ ಆ ಚೆಂಡನ್ನು ಅಂಗೈಯಲ್ಲಿ ಹಿಡಿದು ತೋರಿಸಿದ್ದರೆ ಸಾಕಿತ್ತು. ಒಂದು ಮಾತೂ ಬೇಕಿರಲಿಲ್ಲ.

ತಕ್ಷಣ ಹೋಗಿ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಹೋಗಲಿಲ್ಲ. ಚೆಂಡನ್ನು ಕಾಲುಚೀಲದಲ್ಲಿ ಸುತ್ತಿ ಡ್ರಾಯರಿನ ಹಿಂದೆ ತಳ್ಳಿದೆ. ಹೇಗೂ ಐದು ತಿಂಗಳಾಯಿತು, ಈಗ ಯಾಕೆ ಕೆದಕುವುದು ಅಂದುಕೊಂಡೆ. ಬಿಷಪ್ ಅನಿಸಿಕೊಂಡವನು ಬ್ರಯಾನನ ಮುಖ ಹೇಗೆ ನೋಡುವುದು ಅಂದುಕೊಂಡೆ. ಆದರೆ ಆ ಭಾನುವಾರ ಚರ್ಚಿನಲ್ಲಿ ಜನ ಪ್ರಭುಭೋಜನಕ್ಕೆ ಎದ್ದು ಸಾಲಾಗಿ ಹೋಗುವಾಗ ನನಗೆ ಏಳಲಾಗಲಿಲ್ಲ. ಲಂಡನ್ನಿನ ಚರ್ಚಿನಲ್ಲಿ ನಮ್ಮ ಕಾಂಪೌಂಡಿನ ಶನಿವಾರದ ಪದ್ಧತಿ ಇಲ್ಲ, ಯಾರೂ ಏನೂ ಕೇಳುವುದಿಲ್ಲ. ಆದರೂ ಕೈ ಚಾಚುವ ಧೈರ್ಯ ಬರಲಿಲ್ಲ. ಪಕ್ಕದವರಿಗೆ ಮೊಣಕಾಲು ನೋವು ಎಂದು ಪಿಸುಗುಟ್ಟಿದೆ. ಹೇಳಿದ ಮೇಲೆ ಅದು ಯಾರ ನೆಪವೆಂದು ನೆನಪಾಯಿತು.

ಮೂರು ಭಾನುವಾರ ಹೀಗೇ ಕಳೆಯಿತು. "ನಿಮ್ಮ ಮೊಣಕಾಲು ಭಾನುವಾರ ಅಷ್ಟ ನೋಯ್ತೈತೇನು?" ಎಂದು ಶಾಂತಾ ಕೇಳಿದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಕಾಲುಚೀಲ ಒಗೆಯುವವಳೂ ಅವಳೇ ಅಲ್ಲವೆ? ಈಸ್ಟರ್ ಹಿಂದಿನ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆ ಚೆಂಡನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. "ಇವತ್ತ ಶನಿವಾರ" ಎಂದಷ್ಟೇ ಹೇಳಿ ತಟ್ಟೆ ತೆಗೆದುಕೊಂಡು ಹೋದಳು.

ಪಿನ್ನರಿಗೆ ನಡೆದೇ ಹೋದೆ. ಬಸ್ಸಿನಲ್ಲಿ ಹೋದರೆ ಬೇಗ ತಲುಪಿಬಿಡುತ್ತೇನೆಂಬ ಹೆದರಿಕೆ. ದಾರಿಯುದ್ದಕ್ಕೂ, ಅಪ್ಪನಂತೆಯೇ, ಮಾತುಗಳನ್ನು ಜೋಡಿಸಿದೆ. ಬಾಗಿಲು ತೆರೆದವರು ಸುಧಾ ವೈನಿ. ಅವರು ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ, ಬದಿಗೆ ಸರಿದು ದಾರಿ ಬಿಟ್ಟರು. ಡಾಕ್ಟರು ಉಣ್ಣೆಯ ಟೋಪಿ ಹಾಕಿಕೊಂಡು ಅಡಿಗೆಮನೆಯಲ್ಲಿ ಹಿತ್ತಲ ಬಾಗಿಲ ಬಳಿ ಕೂತಿದ್ದರು. ನಾನು ಜೋಡಿಸಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಚೆಂಡನ್ನು ಮೇಜಿನ ಮೇಲಿಟ್ಟೆ.

"ಇದು ನಿಮ್ಮದು ಡಾಕ್ಟರ."

ಅವರು ಅದನ್ನು ತಿರುಗಿಸಿ ನೋಡಿದರು. "ಹೌದು, ನಂದ" ಅಂದರು. ಎದ್ದು ಒಳಗೆ ಹೋದರು. ಒಂದು ಡ್ರಾಯರ್ ತೆರೆದು ಮುಚ್ಚಿದ ಸದ್ದಾಯಿತು. ಬಂದು, ಅದರ ಪಕ್ಕದಲ್ಲಿ ಇನ್ನೊಂದು ಚೆಂಡಿಟ್ಟರು. ಅದರ ಮೇಲೆ ನನ್ನ ಕೈಯ ನೀಲಿ ಶಿಲುಬೆ ಇತ್ತು.

"ಎತ್ತಿ ನೋಡಿದಾಗನ ಗೊತ್ತಾಗಿತ್ತೇನ್ರಿ?"

"ಆಗನ."

"ಮತ್ತ ಹೇಳಬಾರದಿತ್ತೇನ್ರಿ?" ನನ್ನ ದನಿ ಏರಿತು. ತಪ್ಪು ಮಾಡಿದವನು ನಾನು, ಸಿಟ್ಟು ಬಂದದ್ದೂ ನನಗೇ.

"ಹೇಳಬೇಕಂತನ ತಲಿ ಎತ್ತಿದೆ. ನೀವು ಅಲ್ಲಿ ಕೆಂಪ್ ಜಾಕೀಟ ಹಾಕ್ಕೊಂಡು ನಿಂತಿದ್ರಿ. ಮದುವಿ ಗಂಡಿನಂಗ ಕಾಣ್ತಿದ್ರಿ. ಹನ್ನೆರಡು ವರ್ಷಕ್ಕ ಒಮ್ಮೆ ಫೈನಲ್ ಬಂದಾರ, ಹೋಗ್ಲಿ ಬಿಡು ಅಂತ ಸುಮ್ಮನಾದೆ. ಎದುರಿನವರ ತಪ್ಪು ನೋಡಿ ಬಿಟ್ಟುಬಿಡಲಿಕ್ಕೆ ಈ ಆಟದಾಗ ಅವಕಾಶ ಅದ. ಪುಸ್ತಕಾ ಓದಿದವರು ನೀವು, ನಿಮಗ ಗೊತ್ತಿರಬೇಕಲ್ಲ."

"ಆಮ್ಯಾಲೆ? ಎಲ್ಲಾರ ಮುಂದ ನಾ ನಿಮ್ಮನ್ನ ಕಳ್ಳ ಅಂದಾಗರೆ?"

ಉತ್ತರ ಬಾಗಿಲಿನಿಂದ ಬಂತು. "ಆಗ ತೋರಿಸಿದ್ರ ನಿಮ್ಮನ್ನ ಕಳ್ಳ ಅಂತಿದ್ರು, ಪ್ರಭುದಾಸ ಅವರ" ಎಂದರು ಸುಧಾ ವೈನಿ. "ಆರು ತಿಂಗಳಾತು, ಇವರಿಗೆ ಊಟಾ ರುಚಿ ಹತ್ತವಲ್ದು. ನಮ್ಮ ಮಂದಿ ಕಾರ್ಯಕ್ರಮಕ್ಕ ಹೋಗೂದು ಬಿಟ್ಟಾರ. ಅದೂ ನಿಮಗ ಗೊತ್ತಿರ್ಲಿ."

"ಸುಧಾ, ಸಾಕು" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಸಿಟ್ಟು ಬಂದಿತ್ತು ದಾಸರ. ಸುಳ್ಳ ಯಾಕ ಹೇಳ್ಲಿ? ಪ್ರಾರ್ಥನಾ ಕೂಟದ ಸುದ್ದಿ ಕೇಳಿದ ದಿನ ಈ ಚೆಂಡು ತಗೊಂಡು ನಿಮ್ಮ ಓಣಿತನಾ ಬಂದಿದ್ದೆ. ಮನಿ ಮುಂದ ನಿಂತು ತಿರುಗಿ ಬಂದೆ. ಆ ಕುಳಿ ಕೊಟ್ಟಾಗಿತ್ತಲ್ಲ. ಕೊಟ್ಟದ್ದು ಹಿಂದ ತಗೊಳ್ಳಿಕ್ಕೆ ಬರೂದಿಲ್ಲ."

ನಾನು ಅತ್ತೆ. ಎಪ್ಪತ್ತು ದಾಟಿದವನು ಇನ್ನೊಬ್ಬರ ಮನೆಯ ಅಡಿಗೆಮನೆಯಲ್ಲಿ ಕೂತು ಮೂಗು ಸೋರಿಸಿಕೊಂಡು ಅತ್ತೆ. ಪ್ರತಿ ವರ್ಷ ಶುಭ ಶುಕ್ರವಾರ ನಾನು ಮಕ್ಕಳಿಗೆ ಹೇಳುವ ಕಥೆಯೊಂದಿದೆ. ತಪ್ಪಿಲ್ಲದವನೊಬ್ಬನನ್ನು ಜನ ದೂಷಿಸುತ್ತಾರೆ, ಅವನು ಬಾಯಿಬಿಡದೆ ನಿಲ್ಲುತ್ತಾನೆ. ಕೈಬಾಯಿ ಆಡಿಸಿ ಬಹಳ ಚೆನ್ನಾಗಿ ಹೇಳುತ್ತೇನೆಂದು ಹೆಸರಿದೆ. ಅಂಥವನೊಬ್ಬ ಗ್ರೀನಿನ ಮೇಲೆ ನನ್ನೆದುರೇ ನಿಂತಿದ್ದಾಗ ದೂಷಿಸುವ ಗುಂಪಿನಲ್ಲಿ ನಾನಿದ್ದೆ. ಜನಿವಾರದ ಡಾಕ್ಟರಿಗೆ ಇದನ್ನು ಹೇಳಿದರೆ, ನನ್ನನ್ನೂ ಶಿಲುಬೆಗೆ ಏರಿಸಿಬಿಟ್ಟಿರೇನು ಎಂದು ನಕ್ಕಾರು. ಅದಕ್ಕೇ ಹೇಳಲಿಲ್ಲ. ಏನಾದರೂ ತಪ್ಪಾಗಿದ್ದರೆ ಎಂದು ಶುರುಮಾಡಿ, ಛೇ, ಅದು ಸರಿಯಲ್ಲವೆನಿಸಿ, "ತಪ್ಪು ನಂದ. ಕ್ಷಮಾ ಮಾಡ್ರಿ" ಅಂದೆ. ವೈನಿಯ ಕಡೆಯೂ ಕೈಮುಗಿದೆ.

ಕಣ್ಣೊರೆಸಿಕೊಂಡ ಮೇಲೆ ನನ್ನ ಹಳೆಯ ರೋಗ ಕೆರಳಿತು. ಕಪ್ಪನ್ನು ನಾಳೆ ಬೆಳಿಗ್ಗೆಯೇ ತಂದುಕೊಡುತ್ತೇನೆ, ಬುಧವಾರದ ಗುಂಪು ಬಿಡುತ್ತೇನೆ, ಕೂಟದಲ್ಲಿ ಇನ್ನು ಬಾಯಿ ತೆರೆಯುವುದಿಲ್ಲ ಎಂದು ಒಂದೊಂದೇ ಶಿಕ್ಷೆಯನ್ನು ನನಗೆ ನಾನೇ ವಿಧಿಸಿಕೊಳ್ಳತೊಡಗಿದೆ.

"ನನ್ನ ಹೆಸರಿಗೆ ಹತ್ತಿದ್ದು ತೊಳೀಬೇಕು ಅನ್ನಿಸಿದ್ರ ತೊಳೀರಿ, ಅದು ನಿಮ್ಮ ಕೆಲಸಾ" ಎಂದರು ಡಾಕ್ಟರು. "ಕಪ್ಪು ಮಾತ್ರ ನಿಮ್ಮ ಮನ್ಯಾಗ ಇರ್ಲಿ. ಅದನ್ನ ನಾ ಮುಟ್ಟೂದಿಲ್ಲ." ಅಷ್ಟರಲ್ಲಿ ವೈನಿ ಹಚ್ಚಿದ ಅವಲಕ್ಕಿಯ ತಟ್ಟೆಯನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟರು. ಅವರ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ತಟ್ಟೆಯ ತುಂಬ ಶೇಂಗಾ ಇತ್ತು. ನನಗೆ ಶೇಂಗಾ ಇಷ್ಟವೆಂದು ಅವರಿಗೆ ಗೊತ್ತು.

ಮರುದಿನ ಈಸ್ಟರ್. ಮೊಣಕಾಲು ಸರಿಹೋಯಿತೇ ಎಂದು ಪಕ್ಕದವರು ಕೇಳಿದರು. ಹೋಯಿತು ಎಂದು ಎದ್ದು ಸಾಲಿಗೆ ಸೇರಿದೆ.

ಮುಂದಿನ ಪ್ರಾರ್ಥನಾ ಕೂಟದಲ್ಲಿ, ನಾನು ಹೇಳಿದ್ದ ಆ ಗೆಳೆಯ ಎಡವಿರಲಿಲ್ಲ, ಎಡವಿದವನು ನಾನು ಎಂದೆ. ಈ ಸಲ ಹೆಸರು ಹೇಳಿದೆ, ಅವರದೂ ನನ್ನದೂ. ಶಾಂತಾ ನನ್ನ ಕೈಯನ್ನೊಮ್ಮೆ ಒತ್ತಿ ಬಿಟ್ಟಳು. ಕ್ವೀನ್ಸ್‌ಬರಿಯ ಕೊತ್ತಂಬರಿಯ ರಾಶಿಯ ಬಳಿ ಈ ಸುದ್ದಿ ಮೊದಲಿನಷ್ಟು ಬೇಗ ಓಡಲಿಲ್ಲ, ಒಳ್ಳೆಯ ಸುದ್ದಿಯ ಹಣೆಬರಹವೇ ಅಷ್ಟು. ಆದರೂ ತಲುಪಿತು.

ಬುಧವಾರದ ಗುಂಪಿನೆದುರು ನಿಲ್ಲುವುದೇ ಹೆಚ್ಚು ಕಷ್ಟವಾಯಿತು. ಕಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, ಡಾಕ್ಟರ ಮನೆಯಿಂದ ಕೇಳಿ ತಂದಿದ್ದ ಎರಡೂ ಚೆಂಡುಗಳನ್ನು ತೋರಿಸಿ, ಎಲ್ಲವನ್ನೂ ಹೇಳಿದೆ. ನನ್ನ ಮೇಲೆ ಆಕಾಶ ಕಳಚಿ ಬೀಳುತ್ತದೆಂದು ಕಾದೆ. ಬ್ರಯಾನ್ ಹುಬ್ಬೇರಿಸಿದ. "ಡಾಕ್ಟರ್ ಅವತ್ತೇ ಕುಳಿ ಬಿಟ್ಟುಕೊಟ್ಟಾಗಿದೆ, ಪಂದ್ಯ ಮುಗಿದಿದೆ. ಕಪ್ಪು ನಿನ್ನದೇ, ಬಿಷಪ್" ಎಂದ. "ಚಹಾಕ್ಕೆ ಸಕ್ಕರೆ ಎಷ್ಟು?" ಅಷ್ಟೇ. ಕಪ್ಪನ್ನು ಅದೇ ಚೀಲದಲ್ಲಿ ಮನೆಗೆ ತಂದೆ. ಶಾಂತಾ ಅವತ್ತೇ ಅದರಲ್ಲಿ ರಬ್ಬರ್ ಬ್ಯಾಂಡು ಹಾಕಿದಳು. ಮುಂದಿನ ವಾರ ಡಾಕ್ಟರು ಬಂದಾಗ ಮಾತ್ರ ಬ್ರಯಾನ್ ಬಾಗಿಲಿನವರೆಗೆ ಎದ್ದುಹೋಗಿ ಅವರ ಚೀಲವನ್ನು ತಾನೇ ಎಳೆದುಕೊಂಡು ಬಂದ. ಅವನು ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಅಂದು ನಾವಿಬ್ಬರೇ ಆಡಿದೆವು. ಓಕ್ ಮರಗಳ ಕುಳಿ ಬಂದಾಗ ಇಬ್ಬರೂ ಮೇಲೆ ನೋಡುತ್ತ, ಎಲೆ ಚಿಗುರಿದ್ದರ ಬಗ್ಗೆ ಮಾತಾಡಿದೆವು. ನನ್ನ ಚೆಂಡು ಗ್ರೀನಿನ ಮೇಲೆ ಉರುಳಿ ಬಂದು ಕುಳಿಗೆ ಇನ್ನೂ ಒಂದು ಮೊಳ ಇರುವಂತೆ ನಿಂತಿತು. ಒಂದು ಮೊಳ ಸಣ್ಣ ದೂರವಲ್ಲ. ನಾನು ಎಷ್ಟೋ ಸಲ ತಪ್ಪಿಸಿದ ದೂರ ಅದು. ಕಾಲು ಅಗಲಿಸಿ ನಿಂತೆ. ಕೋಲನ್ನು ಚೆಂಡಿನ ಹಿಂದೆ ಇಟ್ಟೆ.

"ಆತು, ಎತ್ಕೋರಿ" ಎಂದರು ಡಾಕ್ಟರು.

ಕೋಲು ಕೈಯಲ್ಲೇ ಇತ್ತು. ಗುರಿ ಸರಿಯಾಗಿಯೇ ಇತ್ತು, ಹೊಡೆದಿದ್ದರೆ ಬೀಳುತ್ತಿತ್ತೋ ಏನೋ. ಆಚೆ ಟ್ಯೂಬ್ ರೈಲು ಹೋಗುತ್ತಿತ್ತು. ಅದು ಪೂರ್ತಿ ಹೋಗುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ಕೋಲನ್ನು ಬದಿಗಿಟ್ಟು ಬಗ್ಗಿದೆ. ಸೊಂಟ ಕಟ್ಟೆಂದಿತು. ಚೆಂಡನ್ನು ಎತ್ತಿಕೊಂಡೆ.